ಹುಟ್ಟುಗೆರೆಯ ಆಚೆ

ಗಂಜಿ ಬಸಿಯದೆ ಪದರ ಎಣಿಸಬಾರದು. ಧಾರವಾಡದ ಪದರ ವಾಚನ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದವರಿಗೆ ಕಲಿಸುವ ಮೊದಲ ಪಾಠ ಇದು. ನೀಲಾಂಬಿಕಾ ಇದನ್ನು ಕಲಿತಿದ್ದಳು, ತನ್ನ ನಂತರ ಬಂದವರಿಗೆಲ್ಲ ಕಲಿಸಿಯೂ ಇದ್ದಳು. ಈಗ ಅವಳ ಮುಂದಿನ ಪರದೆಯ ಮೇಲೆ ಇದ್ದದ್ದು ತಂಗಿಯ ಮಗಳು ಇಂಚರಾಳ ತಲೆಯ ಚಿತ್ರ. ಗಂಜಿಯನ್ನು ಆಗಲೇ ಬಸಿದಾಗಿತ್ತು. ಕೆಳಗೆ ಫಲಿತಾಂಶ ಬಂದಿತ್ತು: ಹುಟ್ಟಿದ ಎರಡನೆಯ ವಾರ.

ಕೆಲವು ಹಸುಗೂಸುಗಳ ತಲೆಬುರುಡೆಗೂ ಮಿದುಳಿಗೂ ನಡುವೆ ನೀರು ನಿಲ್ಲುತ್ತದೆ. ನಿಂತದ್ದು ಇಂಗುವುದಿಲ್ಲ. ತಲೆ ದೊಡ್ಡದಾಗುತ್ತದೆ, ಕೂಸು ಕುಡಿದ ಹಾಲನ್ನೆಲ್ಲ ಕಕ್ಕುತ್ತದೆ, ಒಮ್ಮೊಮ್ಮೆ ಫಿಟ್ಸ್ ಬರುತ್ತದೆ. ಯಾರೋ ಕೂಸನ್ನು ಹಿಡಿದು ಜಾಡಿಸಿದರೆ ಹೀಗಾಗುತ್ತದೆ ಎಂಬುದು ವೈದ್ಯರಿಗೆ ಮೊದಲಿನಿಂದಲೂ ಗೊತ್ತಿತ್ತು. ಜಾಡಿಸದಿದ್ದರೂ ಆಗುವುದುಂಟೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಆಮೇಲೆ ಪದರಮಾಪಕ ಬಂತು. ನಿಂತ ನೀರಿನ ಸುತ್ತ ದೇಹ ಒಂದು ಪೊರೆ ನೇಯುತ್ತದೆ. ಕಾದ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಆ ಪೊರೆಯ ಮೇಲೆ ದಿನಕ್ಕೊಂದು ಪದರ ಕೂಡುತ್ತದೆ, ಹಳೆಯದು ಹೊರಗೆ, ಹೊಸದು ಒಳಗೆ. ಕೂಸಿನ ನೆತ್ತಿಯ ಮೆದುಭಾಗದ ಮೇಲೆ ಮಾಪಕವನ್ನಿಟ್ಟರೆ ಅದು ಶಬ್ದದ ಅಲೆ ಕಳಿಸಿ ಪದರಗಳನ್ನು ಎಣಿಸಿಕೊಡುತ್ತದೆ. ಪದರ ಎಣಿಸಿದರೆ ನೀರು ಯಾವಾಗ ನಿಂತಿತೆಂದು ತಿಳಿಯುತ್ತದೆ. ಯಾವಾಗ ಎಂದು ತಿಳಿದರೆ ಆಗ ಕೂಸು ಯಾರ ಕೈಯಲ್ಲಿತ್ತು ಎಂದು ಕೇಳಬಹುದು. ಯಂತ್ರ ಬಂದ ಬೆನ್ನಿಗೇ ಶಿಶುರಕ್ಷಾ ಕಾಯ್ದೆಯೂ ಬಂತು. ಜವಾಬ್ದಾರರು ಯಾರೆಂದು ಶಿಶುರಕ್ಷಾ ಸಮಿತಿ ತೀರ್ಮಾನಿಸುವವರೆಗೆ ಕೂಸು ಶಿಶುಧಾಮದಲ್ಲಿರಬೇಕು. ಯಾರಾದರೂ ತಪ್ಪೊಪ್ಪಿಕೊಂಡು ಮನೆ ಬಿಟ್ಟು ಹೋದರೆ ಕೂಸು ತಾಯಿಯ ಮಡಿಲಿಗೆ ಮರಳುತ್ತದೆ.

ಗಂಜಿ ಎಂದರೆ ಪೊರೆಯ ಹೊರ ಅಂಚಿನಲ್ಲಿ, ಮೂಳೆಗೆ ಹತ್ತಿ ಕಾಣುವ ಬೆಳ್ಳನೆಯ ಕಲಸು ಪಟ್ಟಿ. ಶಬ್ದ ಮೂಳೆಗೆ ಬಡಿದು ಹಿಂದಿರುಗುವಾಗ ಹಾಗೆ ರಾಡಿಯಾಗುತ್ತದೆ ಎಂದು ಎಲ್ಲರೂ ತಿಳಿದಿದ್ದರು. ಅದನ್ನು ಅಳಿಸುವ ಗುಂಡಿಯ ಮೇಲೆ 'ಗಡಿ ಶುದ್ಧಿ' ಎಂದು ಬರೆದಿತ್ತು. ಆ ಹೆಸರನ್ನು ಯಾರೂ ಬಳಸುತ್ತಿರಲಿಲ್ಲ.

ಪಕ್ಕದ ಮೇಜಿನ ಫರೀದಾ ಕುರ್ಚಿ ಹೊರಳಿಸಿದಳು. ಇಂಚರಾಳ ಪದರ ಎಣಿಸಿದ್ದು ಅವಳೇ. ಎಣಿಸುವವರಿಗೆ ಕೂಸಿನ ಹೆಸರಾಗಲಿ ವಯಸ್ಸಾಗಲಿ ಕಾಣದ ಹಾಗೆ ಮುಚ್ಚಿರುತ್ತಾರೆ.

"ನಂಗ ಹೆಸರ ಗೊತ್ತಿರಲಿಲ್ಲ ಅಕ್ಕಾ. ಗೊತ್ತಿದ್ರೂ ಹಂಗಽ ಎಣಸ್ತಿದ್ದೆ."

"ಹಂಗಽ ಎಣಸಬೇಕು," ಎಂದಳು ನೀಲಾಂಬಿಕಾ.

ಎರಡನೆಯ ವಾರ ಎಂದರೆ ತಂಗಿ ಶಿವಲೀಲಾ ಹೆರಿಗೆ ಮುಗಿಸಿ ತವರಿಗೆ ಬಂದಿದ್ದ ಹೊಸತು. ಬಾಣಂತನ ಮಾಡಿದ್ದು, ದಿನಾ ಬೆಳಿಗ್ಗೆ ಕೂಸಿಗೆ ಎರೆದದ್ದು, ಅವರ ತಾಯಿ ಗಿರಿಜವ್ವ. ಬೇರೆ ಯಾರೂ ಅಲ್ಲ.

*

ಗಿರಿಜವ್ವ ಎರೆಯುವುದನ್ನು ನೋಡಲು ಓಣಿಯ ಹೆಂಗಸರು ಬಚ್ಚಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಮಣೆಯ ಮೇಲೆ ಕೂತು ಕಾಲು ಚಾಚಿ, ಮೊಣಕಾಲ ಕೆಳಗೆ ಕೂಸನ್ನು ಬೋರಲು ಹಾಕಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರನ್ನು ತಂಬಿಗೆಯಿಂದ ಧಾರೆಯಾಗಿ ಬಿಡುವಳು. ಕಡೆಗೆ ಎರಡು ಪಾದ ಹಿಡಿದು ಕೂಸನ್ನು ತಲೆಕೆಳಗಾಗಿ ತುಸು ತೂಗುವಳು, ಆಮೇಲೆ ಅಂಗೈ ಮೇಲೆ ಚಿಮ್ಮಿ ಹಿಡಿಯುವಳು. ಮೈ ಗಟ್ಟಿಯಾಗುತ್ತದೆ, ಕೂಸಿಗೆ ಅಂಜಿಕೆ ಹೋಗುತ್ತದೆ ಎಂದು ನಂಬಿಕೆ. ಕೂಸನ್ನು ನೋಡಲು ಬಂದಿದ್ದ ಶಿವಲೀಲಾಳ ಗಂಡ ಚನ್ನವೀರ ನಗುತ್ತ ನಗುತ್ತ ಇದರ ವಿಡಿಯೋ ಮಾಡಿಕೊಂಡಿದ್ದ. "ನಮ್ಮತ್ತಿಗೆ ಸರ್ಕಸ್ಸಿನ್ಯಾಗ ನೌಕರಿ ಸಿಗತಿತ್ತು ನೋಡ್ರಿ," ಎಂದು ನೆಂಟರಿಗೆಲ್ಲ ಕಳಿಸಿದ್ದ. ಈಗ ಆ ವಿಡಿಯೋ ಸಮಿತಿಯ ಕೈಯಲ್ಲಿತ್ತು. ಕೊಟ್ಟವನೂ ಅವನೇ.

ನೀಲಾಂಬಿಕಾ ಮನೆಗೆ ಬಂದಾಗ ಗಿರಿಜವ್ವ ಅಡುಗೆಮನೆಯಲ್ಲಿ ಒಲೆ ಹೊತ್ತಿಸದೆ ಕೂತಿದ್ದಳು.

"ಸೋಮವಾರ ಸಮಿತಿ ಮುಂದ ಒಪ್ಪಕೋತೀನಿ," ಎಂದಳು. "ನನ್ನ ಕೈಯಿಂದಽ ಆತು ಅಂತ."

"ನೀ ಏನೂ ಮಾಡಿಲ್ಲ ಅವ್ವಾ."

"ನಿಂಗ ಹೆಂಗ ಗೊತ್ತು? ಮನುಷ್ಯಾರ ಸುಳ್ಳ ಹೇಳತಾರು, ಪದರ ಹೇಳೂದಿಲ್ಲ ಅಂತ ಉಣ್ಣಾಕ ಕುಂತಾಗೆಲ್ಲಾ ನೀನಽ ಹೇಳ್ತಿದ್ದಿ."

ಆ ಮಾತು ನೀಲಾಂಬಿಕಾಳದೇ. ಎಷ್ಟೋ ಮನೆಯವರ ಬಗ್ಗೆ ಅನ್ನ ಕಲಸುತ್ತ ಆಡಿದ ಮಾತು.

ಗಿರಿಜವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಒಂದಿನ ಎಣ್ಣಿ ಕೈ ಜಾರಿತ್ತು. ಕೂಸು ಕಾಲಮ್ಯಾಲಿಂದ ಹೊಳ್ಳಿತು. ನೆಲಕ್ಕ ಬಡಿಲಿಲ್ಲ, ಹಿಡಕೊಂಡೆ. ಅಳಲೂ ಇಲ್ಲ ಅದು. ಅವತ್ತಽ ಆಗಿರಬೇಕು."

"ಇದನ್ನ ಲೀಲಾಗ ಹೇಳಿಯೇನು?"

"ಹೇಳೇನಿ."

ಒಳಕೋಣೆಯ ಬಾಗಿಲು ಮುಚ್ಚಿತ್ತು. ಲೀಲಾ ದಿನಕ್ಕೆ ನಾಲ್ಕಾರು ಸಲ, ಕೂಸನ್ನಿಟ್ಟಿದ್ದ ಶಿಶುಧಾಮಕ್ಕೆ ಹೋಗಿ ಹಾಲು ಕುಡಿಸಿ ಬರುತ್ತಿದ್ದಳು. ಉಳಿದ ಹೊತ್ತು ಆ ಕೋಣೆಯಲ್ಲಿ. ತಾಯಿ ಮಾಡಿದ ಊಟವನ್ನು ಉಣ್ಣುತ್ತಿದ್ದಳು, ತಾಯಿಯ ಮುಖ ನೋಡುತ್ತಿರಲಿಲ್ಲ. ನೀಲಾಂಬಿಕಾ ಬಾಗಿಲ ಬಳಿ ನಿಂತು, ತಟ್ಟಲು ಎತ್ತಿದ ಕೈಯನ್ನು ಇಳಿಸಿದಳು. ತಟ್ಟಿ ಏನು ಹೇಳುವುದು? ಅವ್ವ ಹಾಗೆ ಮಾಡುವವಳಲ್ಲ ಎಂದೇ? ಕೈ ಜಾರುವುದಕ್ಕೆ ಕೆಟ್ಟವರೇ ಆಗಬೇಕೆಂದಿಲ್ಲ. ತನಗೇ ಒಳಗೊಳಗೆ ಅನುಮಾನ ಹುಟ್ಟಿದ್ದು ಆ ಗಳಿಗೆಯಲ್ಲಿ.

*

ಮರುದಿನ ಅವಳು ಇಂಚರಾಳ ಮೂಲ ಚಿತ್ರವನ್ನು, ಗಂಜಿ ಬಸಿಯದ್ದನ್ನು, ತೆರೆದಳು. ಎಣಿಸಲಿಕ್ಕಲ್ಲ. ಸಂಬಂಧಿಕರ ಪದರ ಎಣಿಸುವ ಹಾಗಿಲ್ಲ. ಸುಮ್ಮನೆ ನೋಡಲಿಕ್ಕೆ. ನೋಡಿದರೆ ಗಂಜಿ ಅಗಲವಾಗಿತ್ತು. ಇಷ್ಟು ಅಗಲದ ಗಂಜಿಯನ್ನು ಅವಳು ಮೊದಲು ಕಂಡಂತಿರಲಿಲ್ಲ. ಅಥವಾ ಕಂಡಿರಲಿಲ್ಲವೆಂದು ಹೇಳುವುದೂ ಕಷ್ಟ, ಯಾಕೆಂದರೆ ಗಂಜಿಯನ್ನು ಯಾರೂ ನೋಡುತ್ತಿರಲಿಲ್ಲ. ಪರದೆಗೆ ಚಿತ್ರ ಬಂದೊಡನೆ ಬೆರಳು ತಾನಾಗಿ ಗುಂಡಿಗೆ ಹೋಗುತ್ತಿತ್ತು.

ತೀರ್ಮಾನ ಮುಗಿದಿದ್ದ, ಅದೇ ವಯಸ್ಸಿನ ಕೂಸುಗಳ ಹಳೆಯ ಚಿತ್ರಗಳನ್ನು ತೆರೆದಳು. ಒಂದರಲ್ಲಿ ಗಂಜಿ ದಾರದಷ್ಟು ತೆಳು. ಒಂದರಲ್ಲಿ ಇಲ್ಲವೇ ಇಲ್ಲ. ಇನ್ನೊಂದರಲ್ಲಿ ಇಂಚರಾಳದ್ದರಷ್ಟೇ ದಪ್ಪ. ಅವಳು ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಒಂದೇ ವಯಸ್ಸಿನ ಕೂಸುಗಳ ಮೂಳೆ ಹೆಚ್ಚುಕಡಿಮೆ ಒಂದೇ ಥರ. ಇದು ಮೂಳೆಯ ಪ್ರತಿಧ್ವನಿಯೇ ಆಗಿದ್ದರೆ ಎಲ್ಲರಲ್ಲೂ ಒಂದೇ ಅಗಲ ಇರಬೇಕಿತ್ತು.

ಕೇಂದ್ರದ ಮುಖ್ಯಸ್ಥ ಡಾಕ್ಟರ್ ಜಯತೀರ್ಥ ಗಲಗಲಿ ಚಿತ್ರಗಳನ್ನು ಒಂದೊಂದಾಗಿ ನೋಡಿ ಕನ್ನಡಕ ತೆಗೆದಿಟ್ಟರು.

"ನಿಮ್ಮ ತಾಯಿ ಸಲುವಾಗಿ ಹುಡುಕಲಿಕ್ಕೆ ಹತ್ತೀದಿ ನೀನು. ಹುಡುಕಿದವ್ರಿಗೆ ಏನಾರೆ ಒಂದು ಸಿಕ್ಕಽ ಸಿಗತದ."

"ಖರೇ ಸರ್. ಅದಕ್ಕಽ ನಾ ಮುಟ್ಟೂದಿಲ್ಲ. ಫರೀದಾ ಎಣಸ್ಲಿ. ನೀವು ಬಾಜೂಕ ಕೂಡ್ರಿ. ಮಂದ ಓದು ಒಂದ ಮಾಡಸ್ರಿ, ಸಾಕು."

ಮಾಪಕವನ್ನು ಎರಡು ರೀತಿ ಓಡಿಸಬಹುದಿತ್ತು. ದಿನನಿತ್ಯದ ಓದು ಕೂಸು ಒಮ್ಮೆ ಆಕಳಿಸುವಷ್ಟರಲ್ಲಿ ಮುಗಿಯುತ್ತದೆ. ಮಂದ ಓದಿನಲ್ಲಿ ಅಲೆ ಬಹಳ ಸಣ್ಣದಾಗಿ, ನಿಧಾನವಾಗಿ ಹೋಗುತ್ತದೆ. ಚಿತ್ರ ಕೂದಲೆಳೆಯಷ್ಟು ಸ್ಪಷ್ಟ, ಆದರೆ ಅಷ್ಟೂ ಹೊತ್ತು ಕೂಸು ಕತ್ತು ಕದಲಿಸಬಾರದು. ತಲೆಯಲ್ಲಿ ನೀರಿರುವ ಕೂಸಿಗೆ ನಿದ್ದೆಯ ಔಷಧ ಕೊಡುವುದು ಅಪಾಯ. ಆದ್ದರಿಂದ ಮಂದ ಓದನ್ನು ಕೂಸುಗಳ ಮೇಲೆ ಯಾರೂ ಮಾಡಿರಲಿಲ್ಲ.

ಗಲಗಲಿ ಕನ್ನಡಕವನ್ನು ಮತ್ತೆ ಹಾಕಿಕೊಳ್ಳಲಿಲ್ಲ. "ಗಂಜಿ ಗಂಜಿ ಅಲ್ಲ ಅಂತಾದ್ರ, ಇಷ್ಟ ವರ್ಷ ನಾವು ಏನು ಬಸದ್ವಿ ನೀಲಾ? ಎಷ್ಟ ಮನಿ ಒಡದಾವ, ಅಂದಾಜದ ಏನು ನಿನಗ?"

"ನಂದೂ ಒಂದ ಮನಿ ಐತಿ ಸರ್ ಅದರಾಗ."

ಅವರು ಕಿಟಕಿಯ ಕಡೆ ಮುಖ ಮಾಡಿದರು. "ಕೂಸು ತಾನಾಗಿ ಮಲಗಬೇಕು," ಎಂದರು ಕಡೆಗೆ. "ಮಲಗಿಸಿಕೊಡ್ರಿ. ಮಾಡೋಣು."

*

ಇಂಚರಾ ಮಲಗಲಿಲ್ಲ. ಮಾಪಕವನ್ನು ಶಿಶುಧಾಮಕ್ಕೇ ತಂದಿದ್ದರು. ಬೆಳಿಗ್ಗೆ ಲೀಲಾ ಹಾಲು ಕುಡಿಸಿ ತಟ್ಟಿ ಮಲಗಿಸಿದಳು. ಕುಂಚಿಗೆ ತೆಗೆದು ನೆತ್ತಿಗೆ ಮಾಪಕ ತಾಕಿಸಿದೊಡನೆ ಕೂಸು ಕಣ್ಣು ಬಿಟ್ಟಿತು. ಮತ್ತೆ ತೊಟ್ಟಿಲು, ಮತ್ತೆ ಜೋಗುಳ, ಮತ್ತೆ ಮಾಪಕ, ಮತ್ತೆ ಅಳು. ಆಯಾ ಹೆಗಲ ಮೇಲೆ ಹಾಕಿಕೊಂಡು ಅಡ್ಡಾಡಿದಳು. ತಲೆನೋವಿನ ಕೂಸು, ನಿದ್ದೆ ಯಾವಾಗಲೂ ತೆಳುವೇ. ಮಧ್ಯಾಹ್ನವಾಗುತ್ತ ಬಂತು. ಅಂದು ಶನಿವಾರ. ಸೋಮವಾರ ಗಿರಿಜವ್ವ ಒಪ್ಪಿಕೊಂಡರೆ ಮುಗಿಯಿತು. ಒಪ್ಪಿಕೊಂಡ ಪ್ರಕರಣವನ್ನು ಮತ್ತೆ ತೆರೆಯುವ ದಾರಿ ಕಾಯ್ದೆಯಲ್ಲಿ ಇರಲಿಲ್ಲ.

"ಬಿಡವಾ ಇನ್ನ," ಎಂದರು ಗಲಗಲಿ. "ಕೂಸಿಗೆ ದಣಿವಾಗೇದ."

ಲೀಲಾ ಮಗಳನ್ನು ಎದೆಗೊತ್ತಿಕೊಂಡು ಗೋಡೆಗೆ ಆತು ನಿಂತಿದ್ದಳು. "ಎರದ್ರ ಮಲಗತಾಳ," ಎಂದಳು.

ಗಲಗಲಿ ಮಾಪಕವನ್ನು ಕೆಳಗಿಟ್ಟರು.

"ಮನ್ಯಾಗ ಇದ್ದಾಗ ಅವ್ವ ಎರದ ಕೂಡ್ಲೆ ಹಿಂಗ ಮಲಗತಿದ್ಲು ಅಂದ್ರ, ಬಾಜೂಕ ಬ್ಯಾಂಡ ಬಾರಿಸಿದ್ರೂ ಏಳತಿರಲಿಲ್ಲ. ನಾ ಎರದ್ರ ಅಳತಾಳ. ಇಲ್ಲಿ ಆಯಾ ಎರದ್ರೂ ಅಳತಾಳ." ಲೀಲಾ ಅಕ್ಕನನ್ನು ನೋಡದೆಯೇ ಹೇಳಿದಳು, "ಅವ್ವನ್ನ ಕರಸ್ರಿ."

ಶಿಶುಧಾಮದ ಅಧೀಕ್ಷಕಿ ಆಗದೆಂದು ತಲೆಯಾಡಿಸಿದರು. "ಅವರ ಕೂಸನ್ನ ಮುಟ್ಟೂಹಂಗಿಲ್ಲ ಅಂತ ಆದೇಶ ಐತ್ರಿ."

"ಮುಟ್ಟಿ ಏನ ಮಾಡ್ತಾರಂತ ನಾವೆಲ್ಲಾ ನಿಂತು ನೋಡೋಣ್ರಿ," ಎಂದರು ಗಲಗಲಿ. "ಜವಾಬ್ದಾರಿ ನಂದು."

ಗಿರಿಜವ್ವ ಆಟೋದಿಂದ ಇಳಿದು ಬಂದಳು. ವಿಷಯ ಕೇಳಿದ್ದೇ ಬಾಗಿಲಲ್ಲಿ ನಿಂತುಬಿಟ್ಟಳು. ಎರಡೂ ಕೈಗಳನ್ನು ಸೆರಗಿನೊಳಗೆ ಹುದುಗಿಸಿದ್ದಳು.

"ನಾ ಒಲ್ಲೆ. ನನ್ನ ಕೈ ಮ್ಯಾಲ ನನಗಽ ನಂಬಿಕಿ ಇಲ್ಲ."

"ನನಗೂ ಇಲ್ಲ," ಎಂದಳು ಲೀಲಾ. "ಆದ್ರೂ ಎರಿ. ನಾ ಎದರಿಗಿ ಕೂಡತೀನಿ."

ಗಿರಿಜವ್ವ ಚಿಕ್ಕ ಮಗಳ ಮುಖವನ್ನು ನೋಡಿದಳು. ಮಗಳು ಎಷ್ಟೋ ದಿನಗಳ ಮೇಲೆ ಅವಳ ಕಣ್ಣಿಗೆ ಕಣ್ಣು ಕೊಟ್ಟಿದ್ದಳು. ಗಿರಿಜವ್ವ ಸೆರಗನ್ನು ಸೊಂಟಕ್ಕೆ ಸಿಗಿಸಿದಳು.

ಮಣೆ ಇರಲಿಲ್ಲ, ಪ್ಲಾಸ್ಟಿಕ್ ಸ್ಟೂಲು ತಂದರು. ಆಯಾ ಗೀಸರಿನ ನೀರು ಹಿಡಿದಳು. ಗಿರಿಜವ್ವ ಮೊಣಕೈಯಿಂದ ನೀರು ನೋಡಿದಳು, ಎಣ್ಣೆಯನ್ನು ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿಕೊಂಡಳು. ಕೂಸು ಬೆನ್ನ ಮೇಲೆ ಆ ಕೈ ಬಿದ್ದೊಡನೆ ಅಳು ನಿಲ್ಲಿಸಿ ಬಿಕ್ಕಿತು. ಲೀಲಾ ಒದ್ದೆ ನೆಲದ ಮೇಲೆ ಕೂತು, ಮಗಳ ತಲೆಯ ಕೆಳಗೆ ತನ್ನ ಎರಡೂ ಅಂಗೈ ಒಡ್ಡಿದ್ದಳು, ತಾಕಿಸದೆ. ಅಧೀಕ್ಷಕಿ ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದರು. ನೀಲಾಂಬಿಕಾ ತಾಯಿಯ ಹೆಬ್ಬೆರಳನ್ನು ನೋಡಿದಳು, ಮಣಿಕಟ್ಟನ್ನು ನೋಡಿದಳು, ಎಲ್ಲಿ ಬಲ ಹೆಚ್ಚಾಯಿತು, ಎಲ್ಲಿ ಜಾರಬಹುದು ಎಂದು ಹುಡುಕಿದಳು. ಇಂಥ ಕಣ್ಣಿನಿಂದ ತಾಯಿಯನ್ನು ಅವಳು ಯಾವತ್ತೂ ನೋಡಿರಲಿಲ್ಲ.

ಈ ಸಲ ತಲೆಕೆಳಗೆ ತೂಗಲಿಲ್ಲ, ಚಿಮ್ಮಲಿಲ್ಲ. ನೆತ್ತಿಯ ಹತ್ತಿರ ಬಂದಾಗ ಗಿರಿಜವ್ವ ಕೈ ಹಿಂತೆಗೆದಳು. ನೆತ್ತಿ ಉಬ್ಬಿತ್ತು. "ಇದನ್ನ ನೀನಽ ತೊಳಿ," ಎಂದಳು. ಲೀಲಾ ತೊಳೆದಳು.

ಒರೆಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ತಂದಾಗ ಇಂಚರಾಳ ಕತ್ತು ಆಗಲೇ ಸಡಿಲವಾಗಿತ್ತು. ಮಾಪಕ ತಾಕಿಸಿದರು. ಕೂಸು ಒಮ್ಮೆ ತುಟಿ ಚೀಪಿತು, ಅಷ್ಟೇ.

*

ಫರೀದಾ ಪರದೆಯ ಮುಂದೆ, ಗಲಗಲಿ ಅವಳ ಪಕ್ಕ. ನೀಲಾಂಬಿಕಾ ಹಿಂದೆ, ಗೋಡೆಗೆ. ಚಿತ್ರ ಸಾಲು ಸಾಲಾಗಿ, ಕಸೂತಿ ಹಾಕಿದ ಹಾಗೆ ಮೂಡುತ್ತ ಬಂತು. ಒಳಗಿನ ಪದರಗಳು ಬಂದವು. ಆಮೇಲೆ ಗಂಜಿ ಇರಬೇಕಾದ ಜಾಗ ಬಂತು.

ಗಂಜಿ ಇರಲಿಲ್ಲ. ಅಲ್ಲಿ ಮೊದಲು ಕೆಲವು ಪದರಗಳು, ಒಳಗಿನವುಗಳಂಥವೇ. ಆಮೇಲೆ ಒಂದು ಕಪ್ಪು ದಪ್ಪ ಗೆರೆ. ಗೆರೆಯ ಆಚೆ, ಮೂಳೆಯವರೆಗೆ, ನವಿರಾದ ಪದರಗಳು, ಮುಚ್ಚಿದ ಪುಸ್ತಕದ ಹಾಳೆಗಳ ಅಂಚಿನಂತೆ ಒತ್ತೊತ್ತಾಗಿ.

"ಗೆರಿ ತನಕ ಎಣಸವಾ," ಎಂದರು ಗಲಗಲಿ.

ಫರೀದಾ ಒಳಗಿನಿಂದ ಎಣಿಸಿದಳು. ಸಂಖ್ಯೆ ಹೇಳಿದಳು. ಗಲಗಲಿ ಮುಚ್ಚಿಟ್ಟಿದ್ದ ಜನ್ಮದಿನಾಂಕವನ್ನು ತೆರೆದು ನೋಡಿದರು. ಇನ್ನೊಮ್ಮೆ ಎಣಿಸಲು ಹೇಳಿದರು. ಅದೇ ಬಂತು. ಗೆರೆಯವರೆಗಿನ ಪದರಗಳು ಕೂಸಿನ ದಿನಗಳಿಗೆ ಸರಿಯಾಗಿದ್ದವು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

"ಹುಟ್ಟಿದ ದಿನದ ಗೆರಿ ಇದು," ಎಂದರು ಗಲಗಲಿ, ತಮಗೆ ತಾವೇ ಹೇಳಿಕೊಳ್ಳುವಂತೆ. "ಮೊದಲನೇ ಉಸಿರು ಎಳದ ಕೂಡ್ಲೆ ರಕ್ತದಾಗ ಆಮ್ಲಜನಕ ಒಮ್ಮೆಲೆ ಏರತದ. ಪೊರಿ ದಪ್ಪಾಗಿ ನೇಯಲಿಕ್ಕೆ ಶುರು ಮಾಡತದ. ಅದಕ್ಕಿಂತ ಮೊದಲಿಂದು ಭಾಳ ತೆಳು. ಅವಸರದ ಓದಿನ್ಯಾಗ ಎಲ್ಲಾ ಕೂಡಿ ಕಲಸಿ ಹೋಗತದ."

"ಗಂಜಿ ಜೋಡಿ ಹುಟ್ಟಿದ ಮ್ಯಾಲಿನ ಮೊದಲ ದಿನಗಳನ್ನೂ ಬಸದ್ವಿ ಸರ್," ಎಂದಳು ಫರೀದಾ. "ಅದಕ್ಕಽ ಎರಡನೇ ವಾರ ಅಂತ ಬಂತು."

ಕೂಸು ಹುಟ್ಟುವ ಮೊದಲೇ, ಯಾರ ಕೈಯೂ ಸೋಕುವ ಮೊದಲೇ, ನೀರು ನಿಂತಿತ್ತು.

ನೀಲಾಂಬಿಕಾ ಹೊರಗೆ ಓಡಬೇಕಿತ್ತು, ತಾಯಿಗೆ ಹೇಳಬೇಕಿತ್ತು. ಆದರೆ ಕಣ್ಣು ಗೆರೆಯ ಆಚೆಗಿನ ನವಿರು ಪದರಗಳ ಮೇಲೆ ಓಡುತ್ತಿತ್ತು. ಎಷ್ಟೋ ವರ್ಷಗಳ ಅಭ್ಯಾಸ, ತಡೆಯಲು ಬರಲಿಲ್ಲ. ಎಣಿಸಿ ಮುಗಿದಾಗ ಲೆಕ್ಕವೂ ತಾನಾಗಿ ಆಗಿಹೋಯಿತು. ದಿನಕ್ಕೊಂದು ಪದರವಾದರೆ ನೀರು ನಿಂತದ್ದು ಲೀಲಾಳ ಬಸಿರಿನ ಆರನೆಯ ತಿಂಗಳಲ್ಲಿ. ಆ ತಿಂಗಳಲ್ಲೇ ಅವಳು ಅತ್ತೆ ಬೇಡವೆಂದರೂ ಕೇಳದೆ, ನೌಕರಿಯ ಪರೀಕ್ಷೆ ಬರೆಯಲು ಬಸ್ಸಿನಲ್ಲಿ ವಿಜಯಪುರಕ್ಕೆ ಹೋಗಿ ಬಂದಿದ್ದಳು. ಆ ಬಸ್ಸಿನ ಮಾತು ಚನ್ನವೀರನ ಮನೆಯಲ್ಲಿ ಇನ್ನೂ ಆರಿರಲಿಲ್ಲ.

*

ಸೋಮವಾರ ಸಮಿತಿಯ ಕೋಣೆಯಲ್ಲಿ ಗಲಗಲಿ ಎಲ್ಲವನ್ನೂ ತೋರಿಸಿ ವಿವರಿಸಿದರು. ಬಸಿದ ಚಿತ್ರಗಳನ್ನೆಲ್ಲ ಮತ್ತೆ ತೆರೆಯಬೇಕಾಗುತ್ತದೆ ಎಂದೂ ಹೇಳಿದರು. ಹೇಳುವಾಗ ಮುಂದಿದ್ದ ನೀರಿನ ಲೋಟವನ್ನು ಎರಡು ಕೈಯಲ್ಲಿ ಹಿಡಿದಿದ್ದರು. ಅಧ್ಯಕ್ಷೆ ಗಿರಿಜವ್ವನ ಕಡೆ ನೋಡಿ, "ನಿಮ್ಮ ಮೇಲೆ ಏನೂ ಇಲ್ಲಮ್ಮ," ಎಂದರು. ಗಿರಿಜವ್ವ ಕೈಮುಗಿದಳು. ನಂಬಿದಳೋ ಇಲ್ಲವೋ ಮುಖದಿಂದ ತಿಳಿಯಲಿಲ್ಲ.

ಚನ್ನವೀರ ಎದ್ದು ನಿಂತ. ಅತ್ತೆಯ ಕಡೆ ನೋಡಲಿಲ್ಲ.

"ಹಂಗಾದ್ರ ಹೊಟ್ಟ್ಯಾಗ ಇದ್ದಾಗಽ ಆಗೇತಿ. ಯಾವ ತಿಂಗಳದಾಗ ಅಂತ ಎಣಿಸಿ ಹೇಳ್ರಿ."

ಮಡಿಲಿಗೆ ಮರಳಿದ್ದ ಕೂಸಿನ ಬೆನ್ನು ತಟ್ಟುತ್ತಿದ್ದ ಲೀಲಾಳ ಕೈ ನಿಂತುಬಿಟ್ಟಿತು.

"ಎಣಿಸಬಹುದಲ್ಲವೇ?" ಎಂದು ಅಧ್ಯಕ್ಷೆಯೂ ಕೇಳಿದರು. "ಪದರ ಕಾಣುತ್ತಿದೆಯಲ್ಲ."

ಗಲಗಲಿ ಪರದೆಯ ಕಡೆ ತಿರುಗಿದರು. ಎಣಿಸಬಹುದು ಎಂಬ ಮಾತು ಅವರ ಬಾಯಿಗೆ ಬರುವಷ್ಟರಲ್ಲಿ ನೀಲಾಂಬಿಕಾ ಎದ್ದಳು.

"ನಾನು ಈ ಕೂಸಿನ ದೊಡ್ಡವ್ವ. ನನ್ನ ಮಾತನ್ನ ಆ ತೂಕದಾಗಽ ತಗೋರಿ," ಎಂದಳು. "ಎಣಸಾಕ ಬರತೈತಿ. ಅದರಿಂದ ದಿನ ಅಳಿಯಾಕ ಬರೂದಿಲ್ಲ. ಹುಟ್ಟಿದ ಮ್ಯಾಲ ದಿನಕ್ಕೊಂದು ಪದರ ಅಂತ ಹೆಂಗ ಗೊತ್ತಾತು? ಹುಟ್ಟಿದ ದಿನ ಗೊತ್ತಿದ್ದ ಕೂಸುಗಳ ಮ್ಯಾಲ ವರ್ಷಗಟ್ಟಲೆ ತಾಳೆ ನೋಡಿ ಗೊತ್ತಾತು. ಗೆರಿ ಆಚೆ ದಿನಕ್ಕೊಂದು ಬರತೈತೋ, ವಾರಕ್ಕೊಂದು ಬರತೈತೋ, ಒಂದ ದಿನದಾಗ ಹತ್ತು ಬರತಾವೋ, ಯಾರೂ ನೋಡಿಲ್ಲ. ಒಂದು ತಿಂಗಳ ಹೆಸರು ನಾ ಹೇಳಬಹುದು. ಹೇಳಿದ್ರ ಅದು ಕಾಗದದ ಮ್ಯಾಲ ಬರತೈತಿ. ಬಂದಮ್ಯಾಲ ಆ ತಿಂಗಳದಾಗ ಆಕಿ ಏನ ತಿಂದ್ಲು, ಎಲ್ಲಿ ಹೋದ್ಲು ಅಂತ ಕೇಳತೀರಿ. ಗೊತ್ತಿಲ್ಲದ್ದನ್ನ ಗೊತ್ತೈತಿ ಅಂದದ್ದಕ್ಕಽ ನಮ್ಮವ್ವ ಇಲ್ಲಿ ಕುಂತಾಳ."

ಅಧ್ಯಕ್ಷೆ ಗಲಗಲಿಯವರನ್ನು ನೋಡಿದರು. ಗಲಗಲಿ ಲೋಟವನ್ನು ಕೆಳಗಿಟ್ಟರು.

"ಆಕೆ ಹೇಳಿದ್ದು ಸರಿ ಅದ," ಎಂದರು. "ಹುಟ್ಟುವ ಮೊದಲು. ಅದಕ್ಕಿಂತ ಹೆಚ್ಚು ನಮಗ ತಿಳೀದು."

ಚನ್ನವೀರ ಕೂತ.

ಕೂಸಿನ ತಲೆಯ ನೀರು ತೆಗೆಯಲು ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಚನ್ನವೀರ ಕಾಗದಪತ್ರಕ್ಕೆ ಒಳಗೆ ನಿಂತ. ಮೂವರು ಹೆಂಗಸರು ಕೂಸಿನೊಡನೆ ಹೊರಗೆ ಬೇವಿನ ಗಿಡದ ನೆರಳಿಗೆ ಬಂದರು. ಗಿರಿಜವ್ವ ಎರಡು ಹೆಜ್ಜೆ ಹಿಂದೆಯೇ ಇದ್ದಳು, ಕೂಸಿಗೆ ಕೈ ಚಾಚದೆ.

"ಅಕ್ಕಾ," ಎಂದಳು ಲೀಲಾ ಮೆಲ್ಲಗೆ. "ನೀ ಎಣಸಿ ಬಿಟ್ಟಿದ್ದಿ, ಹೌದಿಲ್ಲೋ? ಅಲ್ಲಿ ಮಾತಾಡುವಾಗ ನಿನ್ನ ಮಾರಿ ನೋಡಿದ್ರ ನಂಗ ಗೊತ್ತಾತು."

ನೀಲಾಂಬಿಕಾ ಸುಳ್ಳು ಹೇಳಬಹುದಿತ್ತು. ಮಾತನ್ನು ಒಂದು ಸಲ ಬಾಯೊಳಗೇ ಹೊರಳಿಸಿ ನೋಡಿದಳು, ನುಂಗಿದಳು.

"ಎಣಿಸೇನಿ."

"ಯಾವ ತಿಂಗಳು?"

"ಅದು ಖರೇನೋ ಸುಳ್ಳೋ ನಂಗ ಗೊತ್ತಿಲ್ಲ ಲೀಲಾ. ಖರೇ ಇದ್ರೂ, ಯಾಕ ಆತು ಅನ್ನೂದು ಅದರಾಗ ಇಲ್ಲ. ಹೇಳಂದ್ರ ಹೇಳತೀನಿ. ಹೇಳಿದಮ್ಯಾಲ ನೀ ಅದನ್ನ ಮರಿಯಾಕ ಆಗೂದಿಲ್ಲ."

ಲೀಲಾ ರಸ್ತೆಯ ಕಡೆ ನೋಡಿದಳು. ಅವಳು ಒಂದೊಂದೇ ತಿಂಗಳನ್ನು ಮನಸ್ಸಿನಲ್ಲಿ ತಿರುವಿ ಹಾಕುತ್ತಿದ್ದಾಳೆಂದು ನೀಲಾಂಬಿಕಾಗೆ ಗೊತ್ತಾಗುತ್ತಿತ್ತು. ಅದನ್ನು ತಡೆಯುವುದು ಯಾರಿಂದಲೂ ಆಗುವಂತಿರಲಿಲ್ಲ. ಕೂಸು ಎಚ್ಚರಗೊಂಡು ಮಿಸುಕಿತು, ಅಳಲು ಮುಖ ಸೊಟ್ಟ ಮಾಡಿತು.

"ಬ್ಯಾಡ," ಎಂದಳು ಲೀಲಾ. "ಹೇಳಬ್ಯಾಡ."

ಆಮೇಲೆ ಹಿಂದೆ ತಿರುಗಿ, ತಾಯಿ ಬೇಡವೆನ್ನುವ ಮೊದಲೇ, ಕೂಸನ್ನು ಅವಳ ಕೈಗಿಟ್ಟಳು.